ಕೊಟ್ಟ ಮಾತು ಎಷ್ಟು ದೊಡ್ಡದಿರಬೇಕು? ವಿಶ್ವಾಸ ಮತ್ತು ಸೇವೆಯ ಬದ್ಧತೆ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ನಮ್ಮದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕನ್ನಡ ಸಭೆ. ಎರಡು ವರ್ಷದ ಹಿಂದೆ ಯುವಜನ ಶಿಬಿರದ ಕೊನೆಯ ರಾತ್ರಿ ನನ್ನನ್ನು ಪೂರ್ತಿಯಾಗಿ ಕರ್ತನಿಗೆ ಒಪ್ಪಿಸಿಕೊಟ್ಟೆ. ವಾಪಸ್ ಬಂದ ಒಂದೇ ತಿಂಗಳಲ್ಲಿ ಸಂಡೇ ಸ್ಕೂಲ್ ತರಗತಿ, ಕ್ವಾಯರ್, ಶನಿವಾರದ ಆಸ್ಪತ್ರೆ ಭೇಟಿ, ಬುಧವಾರದ ಪ್ರಾರ್ಥನಾ ಕೂಟ, ತಿಂಗಳಿಗೊಂದು ಭಾನುವಾರ ಹಳ್ಳಿ ಸೇವೆ, ಯುವಜನ ಸಂಘದ ಕಮಿಟಿ, ಎಲ್ಲಕ್ಕೂ ಹೂಂ ಅಂದೆ. ಹಳ್ಳಿಯ ಪ್ರಾರ್ಥನಾಲಯದ ಕಟ್ಟಡಕ್ಕೆ ತಿಂಗಳಿಗೆ ₹3,000 ಕೊಡುತ್ತೇನೆಂದು ಚೀಟಿಯನ್ನೂ ಬರೆದುಕೊಟ್ಟೆ. ಹಾಸನದಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಮೊಣಕಾಲಿನ ಆಪರೇಷನ್ ಆದಮೇಲೆ ಹದಿನೈದು ದಿನಕ್ಕೊಮ್ಮೆ ಹೋಗಲೇಬೇಕು. ವರ್ಷ ತುಂಬುವಷ್ಟರಲ್ಲಿ ಒಂದೊಂದಾಗಿ ಎಲ್ಲ ಕೈಬಿಟ್ಟುಹೋಯಿತು. ಚೀಟಿಯ ಹಣ ಐದು ತಿಂಗಳು ಕೊಟ್ಟು ನಿಲ್ಲಿಸಿದೆ. ಸಂಡೇ ಸ್ಕೂಲನ್ನಂತೂ ಯಾರಿಗೂ ಹೇಳದೆ ಬಿಟ್ಟೆ. "ನೇಗಿಲಿಗೆ ಕೈ ಹಾಕಿದವರು ಹಿಂದಕ್ಕೆ ನೋಡಬಾರದಮ್ಮ" ಎಂದರು ಸಭೆಯ ಹಿರಿಯರೊಬ್ಬರು. ನನ್ನ ಸಮರ್ಪಣೆ ಸುಳ್ಳಾಗಿತ್ತೇ? ಮತ್ತೆ ಹೇಗೆ ಶುರುಮಾಡಲಿ? ಕೆಲಸ ಬಿಟ್ಟು ಥಿಯಾಲಜಿ ಓದಿದರೆ ಸರಿಹೋದೀತೇ?

ಉತ್ತರ: ಸುಳ್ಳಾಗಿರಲಿಲ್ಲ. ಶಿಬಿರದ ರಾತ್ರಿ ಕರ್ತನಿಗೆ ಹೇಳಿದ ಹೌದು ಒಂದು. ಆಮೇಲೆ ಒಂದು ತಿಂಗಳಲ್ಲಿ ಆರು ಕಡೆ ಹೇಳಿದ ಹೂಂ ಇನ್ನೊಂದು. ಮೊದಲನೆಯದು ಆ ರಾತ್ರಿ ಹುಟ್ಟಿದ್ದೂ ಅಲ್ಲ. ಅದು ನಿಮ್ಮ ದೀಕ್ಷಾಸ್ನಾನದಲ್ಲಿ ಶುರುವಾಗಿ, ದೃಢೀಕರಣದ ದಿನ ನಿಮ್ಮ ಬಾಯಿಂದಲೇ ಬಂದು, ಕರ್ತನ ಭೋಜನಕ್ಕೆ ಹೋದಾಗಲೆಲ್ಲ ಹೊಸದಾಗುತ್ತಾ ಬಂದದ್ದು. ಅದು ನಿಂತಿರುವುದು ನಿಮ್ಮ ಬಲದ ಮೇಲೆ ಅಲ್ಲ. ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ ಎಂದು ಪೌಲನು ತಿಮೊಥೆಯನಿಗೆ ಬರೆದದ್ದು (2 ತಿಮೊಥೆಯ 2:13) ಇಂಥ ಹೊತ್ತಿಗಾಗಿಯೇ. ಮುರಿದುಬಿದ್ದದ್ದು ಎರಡನೆಯ ಮಾತು. ಅದು ಮುರಿದದ್ದು ವಿಶ್ವಾಸ ಕಡಿಮೆಯಾಗಿ ಅಲ್ಲ, ಮಾತು ಕೊಡುವಾಗಲೇ ಅದು ನಡೆಸಲಾಗದಷ್ಟು ದೊಡ್ಡದಾಗಿತ್ತು. ಆದರೆ ಹೇಳದೆ ಬಿಟ್ಟದ್ದು ತಪ್ಪು, ಅದನ್ನು ಸರಿಪಡಿಸಬೇಕು. ಹೇಗೆಂದು ಮುಂದೆ ಬರುತ್ತದೆ.

ಮೊದಲು ಲೆಕ್ಕ ನೋಡೋಣ. ಬುರುಜು ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸು ಸ್ವಾಮಿ ಹೇಳಿದ್ದು (ಲೂಕ 14:28) ತನ್ನ ಹಿಂದೆ ಬರಲು ಮನಸ್ಸುಮಾಡಿದ ಜನರಿಗೇ. ವಾರಕ್ಕೆ 168 ಗಂಟೆ. ಆಫೀಸಿಗೆ 45, ಬೆಂಗಳೂರಿನ ಓಡಾಟಕ್ಕೆ 12, ನಿದ್ದೆಗೆ 49, ಅಡುಗೆ, ಸ್ನಾನ, ಬಟ್ಟೆ, ಸಾಮಾನು ಎಂದು 20. ಉಳಿಯುವುದು 42. ನೀವು ಒಪ್ಪಿಕೊಂಡ ಸೇವೆಗಳಿಗೆ ತಯಾರಿ, ಪ್ರಯಾಣ ಸೇರಿ ಎಷ್ಟಾಗುತ್ತದೆ? ಸಂಡೇ ಸ್ಕೂಲಿಗೆ 3, ಕ್ವಾಯರ್ ಅಭ್ಯಾಸಕ್ಕೆ 2, ಆಸ್ಪತ್ರೆಗೆ 3, ಬುಧವಾರಕ್ಕೆ ಒಂದೂವರೆ, ಹಳ್ಳಿ ಸೇವೆಯನ್ನು ವಾರಕ್ಕೆ ಹಂಚಿದರೆ ಎರಡೂವರೆ, ಕಮಿಟಿ ಮತ್ತು ಅದರ ವಾಟ್ಸಾಪ್ ಗ್ರೂಪಿಗೆ 2, ಭಾನುವಾರದ ಆರಾಧನೆಗೆ 4. ಒಟ್ಟು 18. ಕಾಗದದ ಮೇಲೆ ಇನ್ನೂ 24 ಗಂಟೆ ಉಳಿದಂತೆ ಕಾಣುತ್ತದೆ, ಅದಕ್ಕೇ ಎಲ್ಲರೂ ಇಲ್ಲಿ ಮೋಸಹೋಗುವುದು. ಗಂಟೆಗಳು ಉಳಿದಿವೆ, ಭಾನುವಾರಗಳು ಉಳಿದಿಲ್ಲ. ತಿಂಗಳಿಗೆ ನಾಲ್ಕು ಭಾನುವಾರ. ಎರಡು ಹಾಸನಕ್ಕೆ, ಒಂದು ಹಳ್ಳಿ ಸೇವೆಗೆ. ಮಿಕ್ಕ ಒಂದರಲ್ಲಿ ನಾಲ್ಕೂ ವಾರದ ಸಂಡೇ ಸ್ಕೂಲ್ ಮತ್ತು ಕ್ವಾಯರ್ ನಡೆಯಬೇಕಿತ್ತು. ಆದ್ದರಿಂದ ಯಾವ ಸೇವೆಯನ್ನೇ ಒಪ್ಪಿಕೊಳ್ಳುವ ಮುಂಚೆ ಗಂಟೆ ಎಣಿಸಬೇಡಿ, ಮುಂದಿನ ಮೂರು ತಿಂಗಳ ಕ್ಯಾಲೆಂಡರ್ ತೆಗೆದು ನೀವು ಊರಲ್ಲಿರುವ ಶನಿವಾರ, ಭಾನುವಾರಗಳನ್ನು ಎಣಿಸಿ.

ಈಗ ಆ ಹಿರಿಯರು ಹೇಳಿದ ವಚನ. ಲೂಕ 9:62. ಅವರು ಕಾಳಜಿಯಿಂದಲೇ ಹೇಳಿರಬಹುದು, ಆದರೆ ಆ ವಚನ ನಿಮಗೆ ಹೊಂದುವುದಿಲ್ಲ. ಹಿಂದಕ್ಕೆ ತಿರುಗಿ ನೋಡುತ್ತಾ ಉತ್ತವನ ಸಾಲು ಡೊಂಕಾಗುತ್ತದೆ, ಮನಸ್ಸು ಎರಡು ಕಡೆ ಇದ್ದವನು ಶಿಷ್ಯನಾಗಲಾರ ಎಂಬುದು ಅಲ್ಲಿಯ ಮಾತು. ಹೊತ್ತು ಮುಳುಗಿದ ಮೇಲೆ ನೊಗ ಕಳಚಿ ಎತ್ತಿಗೆ ನೀರು ಕುಡಿಸುವ ರೈತನ ಮೇಲೆ ಅಲ್ಲಿ ಯಾವ ದೂರೂ ಇಲ್ಲ. ಹನ್ನೆರಡು ಜೋಡಿ ಎತ್ತಿನೊಡನೆ ಉಳುತ್ತಿದ್ದ ಎಲೀಷನನ್ನು ಪ್ರವಾದಿ ಎಲೀಯನು ಕರೆದಾಗ, ತಂದೆ ತಾಯಿಗೆ ಮುದ್ದಿಟ್ಟು ಬರುತ್ತೇನೆ ಎಂದು ಅವನು ಕೇಳಿಕೊಂಡ, ಹೋಗಿಬಂದ, ಆಮೇಲೆ ಹಿಂಬಾಲಿಸಿದ (1 ಅರಸುಗಳು 19). ತಾಯಿಯ ವಿಷಯದಲ್ಲಿ ಇನ್ನೂ ನೇರವಾದ ಮಾತು ಮಾರ್ಕನ 7ನೇ ಅಧ್ಯಾಯದಲ್ಲಿದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್, ದೇವರಿಗೆ ಮುಡಿಪು" ಎಂದು ತಪ್ಪಿಸಿಕೊಳ್ಳುತ್ತಿದ್ದವರನ್ನು ಕರ್ತನು ಖಂಡಿಸಿದ ಪರಿ ನೋಡಿ. ಹದಿನೈದು ದಿನಕ್ಕೊಮ್ಮೆ ಹಾಸನಕ್ಕೆ ಹೋಗುವುದು ನಿಮ್ಮ ಸೇವೆಗೆ ಅಡ್ಡಿ ಅಲ್ಲ, ಅದೇ ನಿಮ್ಮ ಮೊದಲ ಸೇವೆ. ಮಿಕ್ಕದ್ದೆಲ್ಲ ಅದರ ಸುತ್ತ ಹೊಂದಿಕೊಳ್ಳಬೇಕು.

ಸರದಿ ಮತ್ತು ಅವಧಿ ಇಲ್ಲದ ಸೇವೆಯನ್ನು ಸತ್ಯವೇದ ಕೇಳುವುದೇ ಇಲ್ಲ. ದೇವಾಲಯದ ಯಾಜಕರನ್ನು 24 ವರ್ಗಗಳಾಗಿ ಹಂಚಿದ್ದರು (1 ಪೂರ್ವಕಾಲವೃತ್ತಾಂತ 24). ಒಂದೊಂದು ವರ್ಗಕ್ಕೆ ಒಂದೊಂದು ವಾರದ ಸರದಿ, ವರ್ಷಕ್ಕೆ ಎರಡು ಸಲ, ದೊಡ್ಡ ಹಬ್ಬಗಳಿಗೆ ಎಲ್ಲರೂ. ಸ್ನಾನಿಕನಾದ ಯೋಹಾನನ ತಂದೆ ಜಕರೀಯನು ಎಂಟನೆಯದಾದ ಅಬೀಯನ ವರ್ಗದವನು. ದೇವದೂತನನ್ನು ಕಣ್ಣಾರೆ ಕಂಡು ಮಾತು ಕಳೆದುಕೊಂಡವನು ಕೂಡ ತನ್ನ ಸರದಿಯ ದಿನಗಳು ಮುಗಿಯುವವರೆಗೆ ಅಲ್ಲಿದ್ದು, ಮುಗಿದ ಮೇಲೆ ಮನೆಗೆ ಹೋದ ಎಂದು ಲೂಕನು ಬರೆಯುತ್ತಾನೆ (1:23). ಎರಡೂ ಮುಖ್ಯ: ಮುಗಿಯುವ ತನಕ ಇದ್ದದ್ದು, ಮುಗಿದ ಮೇಲೆ ಹೋದದ್ದು. ಲೇವಿಯರಿಗಂತೂ 25ಕ್ಕೆ ಸೇವೆ ಶುರು, 50ಕ್ಕೆ ಭಾರದ ಕೆಲಸದಿಂದ ಬಿಡುಗಡೆ, ಆಮೇಲೆ ತಮ್ಮವರಿಗೆ ಸಹಾಯ ಮಾತ್ರ (ಅರಣ್ಯಕಾಂಡ 8:24-26). ನಮ್ಮ ಸಭೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಒಮ್ಮೆ ಸಂಡೇ ಸ್ಕೂಲಿಗೆ ಸೇರಿದವರು ಮದುವೆಯಾಗಿ ಊರು ಬಿಡುವ ತನಕ, ಇಲ್ಲವೇ ಬೇಸತ್ತು ಮುಖ ತಪ್ಪಿಸುವ ತನಕ ಟೀಚರೇ. ಮರ್ಯಾದೆಯಿಂದ ಹೊರಬರುವ ಬಾಗಿಲು ಇಲ್ಲದಿದ್ದಾಗ ಜನ ಹೇಳದೆ ಹೋಗುತ್ತಾರೆ. ನಿಮಗೂ ಆದದ್ದು ಇದೇ. ಇದರಲ್ಲಿ ಅರ್ಧ ಹೊಣೆ ಸಭೆಯದ್ದು ಎಂದು ಹೇಳಲು ಹಿಂಜರಿಯಬೇಕಿಲ್ಲ.

ಹಾಗಾದರೆ ಮತ್ತೆ ಶುರುಮಾಡುವುದು ಹೇಗೆ? ಒಂದೇ ಸೇವೆ ಆರಿಸಿಕೊಳ್ಳಿ. ನಿಮ್ಮ ಪತ್ರ ಓದಿದರೆ ಮನಸ್ಸು ಮಕ್ಕಳ ಕಡೆ ಇರುವಂತೆ ಕಾಣುತ್ತದೆ, ಬಿಟ್ಟದ್ದು ಹೆಚ್ಚು ಚುಚ್ಚುತ್ತಿರುವುದೂ ಅದೇ. ಸಂಡೇ ಸ್ಕೂಲ್ ಎಂದೇ ಇಟ್ಟುಕೊಳ್ಳೋಣ. ಒಂದು ಹಾಳೆಯಲ್ಲಿ ಆರು ವಿಷಯ ಬರೆಯಿರಿ: ಯಾವ ಕೆಲಸ, ಯಾರಿಗೆ, ಯಾವ ದಿನಗಳು, ಯಾವ ತಾರೀಕಿನವರೆಗೆ, ನಾನಿಲ್ಲದ ದಿನ ಯಾರು, ಕಷ್ಟವಾದರೆ ಮೊದಲು ಯಾರಿಗೆ ಹೇಳಬೇಕು. ಉದಾಹರಣೆಗೆ: "6ರಿಂದ 8 ವಯಸ್ಸಿನ ಮಕ್ಕಳ ತರಗತಿ, ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ, ಜೂನ್ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ, ಎರಡು ಮತ್ತು ನಾಲ್ಕನೆಯ ಭಾನುವಾರ ಜೊತೆಗಿರುವ ಟೀಚರ್, ತೊಂದರೆಯಾದರೆ ಸೂಪರಿಂಟೆಂಡೆಂಟರಿಗೆ ಬುಧವಾರದೊಳಗೆ ಫೋನ್." ಎರಡು ಪ್ರತಿ ಮಾಡಿ, ಒಂದನ್ನು ಅಯ್ಯನವರಿಗೆ (ಸಭೆಯ ಪಾದ್ರಿಗೆ) ಅಥವಾ ಸೂಪರಿಂಟೆಂಡೆಂಟರಿಗೆ ಕೊಡಿ. ಮೊದಲ ಸಲ ಆರು ತಿಂಗಳಿಗಿಂತ ಹೆಚ್ಚು ಬೇಡ. ನವೆಂಬರಿನಲ್ಲಿ ಕೂತು ಮಾತಾಡಿ, ಬೇಕಾದರೆ ಇನ್ನಾರು ತಿಂಗಳು. ಮುಗಿಯುವ ತಾರೀಕು ಬರೆಯುವುದು ಅಲ್ಪವಿಶ್ವಾಸ ಎಂದು ಯಾರಾದರೂ ಹೇಳಿದರೆ ಜಕರೀಯನ ಸರದಿಯನ್ನು ನೆನಪಿಸಿ.

ತರಗತಿಯ ತಯಾರಿಯನ್ನು ಶನಿವಾರ ರಾತ್ರಿಗೆ ಬಿಟ್ಟರೆ ಎರಡೇ ತಿಂಗಳಲ್ಲಿ ಭಾನುವಾರವೆಂದರೆ ಎದೆ ಭಾರವಾಗತೊಡಗುತ್ತದೆ. ಬದ್ಧತೆ ಕುಸಿಯುವ ಅತಿ ಸಾಮಾನ್ಯ ಜಾಗ ಇದು. ಸೋಮವಾರ ಹತ್ತು ನಿಮಿಷ ಆ ಭಾಗವನ್ನು ಸುಮ್ಮನೆ ಓದಿ. ಬುಧವಾರ ನಲವತ್ತು ನಿಮಿಷ: ಇನ್ನೊಮ್ಮೆ ಓದಿ, ಮಕ್ಕಳು ಏನು ಕೇಳಬಹುದು ಎಂದು ಯೋಚಿಸಿ, ಕಥೆಯನ್ನು ನಿಮ್ಮ ಮಾತಿನಲ್ಲಿ ಹತ್ತು ಸಾಲು ಬರೆಯಿರಿ. ಶುಕ್ರವಾರ ಅರ್ಧ ಗಂಟೆ ಚಟುವಟಿಕೆಯ ಸಾಮಾನು: ಬಣ್ಣದ ಕಾಗದ, ಗೋಂದು, ಕ್ರೆಯಾನ್, ಬರುವ ಮಕ್ಕಳಿಗಿಂತ ಮೂರು ಹೆಚ್ಚು. ಶನಿವಾರ ಇಪ್ಪತ್ತು ನಿಮಿಷ ಕಥೆಯನ್ನು ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ. ಒಟ್ಟು 100 ನಿಮಿಷ.

ತರಗತಿ 45 ನಿಮಿಷವೆಂದರೆ ಹಾಡು ಮತ್ತು ಹಾಜರಿಗೆ 7, ಹೋದ ವಾರದ ಬಾಯಿಪಾಠಕ್ಕೆ 5, ಕಥೆಗೆ 12, ಮಕ್ಕಳ ಮಾತಿಗೆ 8, ಚಟುವಟಿಕೆಗೆ 10, ಪ್ರಾರ್ಥನೆಗೆ 3. ಆರೇಳು ವರ್ಷದ ಮಕ್ಕಳಿಗೆ ಹನ್ನೆರಡು ನಿಮಿಷ ಮೀರಿ ಕಥೆ ಹೇಳಿದರೆ ಹಿಂದಿನ ಸಾಲು ಕೈತಪ್ಪುತ್ತದೆ. ಬೆಂಗಳೂರಿನ ಕನ್ನಡ ಸಭೆಗಳಲ್ಲಿ ಇನ್ನೊಂದು ತೊಡಕು ಇದೆ: ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಅಂಥ ಮಗುವಿನ ಕೈಗೆ ಸತ್ಯವೇದ ಕೊಟ್ಟು "ಓದು" ಎಂದು ಎಲ್ಲರ ಮುಂದೆ ತಡವರಿಸುವಂತೆ ಮಾಡಿದರೆ ಆ ಮಗು ಮುಂದಿನ ವಾರ ಬರುವುದಿಲ್ಲ. ವಚನದ ಐದಾರು ಪದಗಳ ಭಾಗವನ್ನು ಆರಿಸಿ, ಬಾಯಿಂದ ಬಾಯಿಗೆ ಕಲಿಸಿ. ದಪ್ಪ ಅಕ್ಷರದಲ್ಲಿ ಬರೆದ ಹಾಳೆ ಗೋಡೆಯ ಮೇಲಿರಲಿ.

ಇಬ್ಬರು ಟೀಚರ್‌ಗಳು ಸರದಿಯಲ್ಲಿ ನಡೆಸುವ ತರಗತಿ ಹಾಳಾಗುವುದು ಕೈಬದಲಿನಲ್ಲಿ. ಭಾನುವಾರ ಸಂಜೆಯೇ ಜೊತೆಯವರಿಗೆ ಐದು ಸಾಲು ಕಳಿಸಿ: ಯಾವ ಪಾಠ ಎಲ್ಲಿಗೆ ಬಂತು, ಯಾರು ಬಂದಿಲ್ಲ, ಬಾಯಿಪಾಠ ಯಾವುದು, ಯಾವ ಮಗುವಿನ ಮನೆಯಲ್ಲಿ ಕಾಯಿಲೆ ಕಷ್ಟ ಇದೆ, ಏನು ಸಾಮಾನು ಮುಗಿದಿದೆ. ಎರಡು ವಾರ ಬಾರದ ಮಗುವಿನ ಮನೆಗೆ ಮೂರನೆಯ ವಾರದೊಳಗೆ ಫೋನ್ ಹೋಗಬೇಕು. ಮಕ್ಕಳಿಗೆ ನಿಮ್ಮ ನಿಷ್ಠೆ ತಿಳಿಯುವುದು ನೀವು ಎಷ್ಟು ಚೆನ್ನಾಗಿ ಕಥೆ ಹೇಳಿದಿರಿ ಎನ್ನುವುದರಿಂದಲ್ಲ, ಬಾರದಿದ್ದಾಗ ಯಾರೋ ನೆನೆಸಿಕೊಂಡರು ಎನ್ನುವುದರಿಂದ.

ಮಕ್ಕಳ ನಡುವೆ ಸೇವೆ ಎಂದಮೇಲೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಯಾವ ದೊಡ್ಡವರೂ, ಅಯ್ಯನವರೇ ಆಗಲಿ, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನೊಡನೆ ಒಂಟಿಯಾಗಿ ಇರಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಅಥವಾ ನಡೆಯಬಹುದೆಂಬ ಅನುಮಾನ ಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಅಪರಾಧ. ಸಭೆಯ ಮಾನ ಎಂದು ಮುಚ್ಚಿಡುವುದನ್ನು ಸೇವಾನಿಷ್ಠೆ ಎಂದು ಯಾರೂ ಕರೆಯಬಾರದು.

ಆರು ತಿಂಗಳಲ್ಲಿ ಎಲ್ಲೆಲ್ಲಿ ಜಾರುತ್ತದೆ ಎಂದು ಮೊದಲೇ ತಿಳಿದಿದ್ದರೆ ಹೆದರಿಕೆ ಕಡಿಮೆ. ಆರರಿಂದ ಎಂಟನೆಯ ವಾರದಲ್ಲಿ ಹೊಸತನ ಹೋಗುತ್ತದೆ. ಮಕ್ಕಳು ಹೊಸ ಟೀಚರನ್ನು ಪರೀಕ್ಷೆ ಮಾಡಿ ಗಲಾಟೆ ಶುರುಮಾಡುವುದೂ ಆಗಲೇ. ದಸರಾ ರಜೆಯಲ್ಲಿ ಅರ್ಧ ತರಗತಿ ಖಾಲಿ. ಮೂರೇ ಮಕ್ಕಳು ಬಂದರೂ ಪಾಠ ನಡೆಯಬೇಕು, ಆ ಮೂವರು ಬಂದಿದ್ದಾರಲ್ಲ. ನವೆಂಬರಿನ ನಂತರ ಮುಂದುವರಿಸುವುದಾದರೆ ಎಲ್ಲಕ್ಕಿಂತ ಅಪಾಯದ ತಿಂಗಳು ಡಿಸೆಂಬರ್. ಕ್ವಾಯರ್ ಅಭ್ಯಾಸ, ಮಕ್ಕಳ ಕ್ರಿಸ್ಮಸ್ ನಾಟಕ, ರಾತ್ರಿಯ ಕ್ಯಾರಲ್ ಸುತ್ತು, ಅಲಂಕಾರ, ಆಫೀಸಿನ ವರ್ಷಾಂತ್ಯ, ಎಲ್ಲ ಒಟ್ಟಿಗೆ ಬರುತ್ತವೆ. ಜನವರಿಯ ಎರಡನೆಯ ಭಾನುವಾರ ಟೀಚರ್‌ಗಳೇ ಕಾಣದಿರುವುದಕ್ಕೆ ಕಾರಣ ಡಿಸೆಂಬರಿನ ದಣಿವು, ಭಕ್ತಿಯ ಕೊರತೆಯಲ್ಲ. ನವೆಂಬರಿನಲ್ಲೇ ಹೇಳಿಬಿಡಿ: "ಡಿಸೆಂಬರಿನಲ್ಲಿ ಒಂದೇ ಹೆಚ್ಚುವರಿ ಕೆಲಸ ಒಪ್ಪಿಕೊಳ್ಳುತ್ತೇನೆ, ಯಾವುದೆಂದು ನೀವೇ ಹೇಳಿ."

ಸೇವೆಗೆ ಬೇರು ಇರುವುದು ಪ್ರಾರ್ಥನೆ ಮತ್ತು ವಚನದಲ್ಲಿ. ಅಲ್ಲಿಯೂ ನಿಮ್ಮಂಥವರು ಮಾಡುವುದು ಅದೇ ತಪ್ಪು: ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ ಎಂದು ನಿಶ್ಚಯಿಸಿ, ಒಂಬತ್ತನೆಯ ದಿನ ಎಚ್ಚರವಾಗದೆ, ಹತ್ತನೆಯ ದಿನ ನಾಚಿಕೆಯಿಂದ ಪೂರ್ತಿ ಬಿಡುವುದು. ಹದಿನೈದು ನಿಮಿಷ ಸಾಕು. ಆದರೆ ಹೊತ್ತು ಮತ್ತು ಜಾಗ ಬದಲಾಗಬಾರದು. ದಾನಿಯೇಲನು ದಿನಕ್ಕೆ ಮೂರು ಸಲ, ಯೆರೂಸಲೇಮಿನ ಕಡೆ ತೆರೆದ ಅದೇ ಕಿಟಕಿಯ ಬಳಿ ಮೊಣಕಾಲೂರುತ್ತಿದ್ದ. ರಾಜನಿಗಲ್ಲದೆ ಬೇರೆ ಯಾರಿಗೂ ಪ್ರಾರ್ಥಿಸಬಾರದೆಂಬ ರಾಜಾಜ್ಞೆ ಹೊರಟ ದಿನ ಅವನು ಹೊಸದಾಗಿ ಏನೂ ಮಾಡಲಿಲ್ಲ, ಎಂದಿನಂತೆ ಮಾಡಿದ (ದಾನಿಯೇಲ 6:10). ಓದಲು ಹೊಸ ಒಡಂಬಡಿಕೆಯಿಂದ ಶುರುಮಾಡಿ. ಅದರಲ್ಲಿರುವುದು 260 ಅಧ್ಯಾಯ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಅಧ್ಯಾಯವೆಂದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ತಪ್ಪಿದ ದಿನದ್ದನ್ನು ಶನಿವಾರ ಓದಬಹುದು. ವಾರವಿಡೀ ತಪ್ಪಿದರೆ ಮರುವಾರ ದಿನಕ್ಕೆರಡು ಓದಿ ಸಾಲ ತೀರಿಸಲು ಹೋಗಬೇಡಿ, ಬಿಟ್ಟಲ್ಲಿಂದ ಒಂದೇ ಓದಿ. ವರ್ಷದ ಬದಲು ಹದಿನಾಲ್ಕು ತಿಂಗಳಾಗಲಿ. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು, ದಣಿದ ಮನಸ್ಸು ಕಣ್ಣೋಟದಲ್ಲಿ ಜಾರುವಷ್ಟು ಬೇಗ ದನಿಯಲ್ಲಿ ಜಾರುವುದಿಲ್ಲ.

ಶಿಬಿರದ ರಾತ್ರಿಯ ಆ ಬಿಸಿ ಮತ್ತೆ ಬರುವುದಿಲ್ಲವೇ ಎಂಬ ಕೊರಗು ನಿಮ್ಮೊಳಗೆ ಇರಬಹುದು. ಬಂದರೆ ಸಂತೋಷ, ಆದರೆ ಅದಕ್ಕಾಗಿ ಕಾಯುತ್ತಾ ಕೆಲಸ ನಿಲ್ಲಿಸಬೇಡಿ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಅವರು 1853ರಲ್ಲಿ, 21ನೇ ವಯಸ್ಸಿನಲ್ಲಿ ಕರ್ನಾಟಕಕ್ಕೆ ಬಂದರು. ಸುಮಾರು 70,000 ಪದಗಳ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಆಗ ಅವರಿಗೆ 62. ನಡುವೆ ಸ್ವದೇಶಕ್ಕೆ ಹೋದದ್ದಿದೆ, ಕನ್ನಡ ಪಂಡಿತರ ನೆರವಿಗಾಗಿ ಮತ್ತೆ ಇಲ್ಲಿಗೆ ಬಂದದ್ದಿದೆ. ಪದ, ಅರ್ಥ, ಪ್ರಯೋಗ, ಮತ್ತೆ ಮುಂದಿನ ಪದ. ಆ ಕೆಲಸದ ಹೆಚ್ಚಿನ ದಿನಗಳು ಯಾವ ಶಿಬಿರದ ರಾತ್ರಿಯನ್ನೂ ಹೋಲುತ್ತಿರಲಿಕ್ಕಿಲ್ಲ. ದೇವರ ಸೇವೆಯ ಬಹುಭಾಗ ಹೀಗೇ ಇರುತ್ತದೆ: ಹಾಜರಿ ಪುಸ್ತಕ, ಕುರ್ಚಿ ಜೋಡಿಸುವುದು, ಫೋನ್ ಮಾಡುವುದು.

ಬರೀ ಬೇಸರ ಬೇರೆ, ಕಾಯಿಲೆ ಬೇರೆ. ಎರಡು ವಾರಕ್ಕೂ ಮೀರಿ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಅವಿಶ್ವಾಸವೆಂದು ತಿಳಿದು ಉಪವಾಸಕ್ಕೆ ಕೂರಬೇಡಿ, ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಸಾಯಬೇಕೆಂದು ಜಾಲಿಗಿಡದ ಕೆಳಗೆ ಮಲಗಿದ ಎಲೀಯನಿಗೆ ದೇವದೂತನು ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೊಮ್ಮೆ ರೊಟ್ಟಿ, ನೀರು. ಹೊಸ ಕೆಲಸದ ಅಪ್ಪಣೆ ಬಂದದ್ದು ಬಹಳ ದಿನಗಳಾದ ಮೇಲೆ.

ಒಬ್ಬರೇ ಇದನ್ನೆಲ್ಲ ನಡೆಸಿಕೊಂಡು ಹೋಗುವುದು ಆಗದ ಮಾತು. ನಿಮ್ಮನ್ನು ಕೇಳುವವರು ಒಬ್ಬರು ಬೇಕು. ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಇದನ್ನು ಕಂಡುಕೊಂಡದ್ದು ಒಂದು ಸಾಲದ ದೆಸೆಯಿಂದ. 1742ರ ಫೆಬ್ರುವರಿಯಲ್ಲಿ ಬ್ರಿಸ್ಟಲಿನ ಸಭಾಮಂದಿರದ ಸಾಲ ತೀರಿಸಲು ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡುವುದೆಂದು ಆಯಿತು. ಬಡವರು ಕೊಡಲಾರರು ಎಂಬ ಮಾತು ಬಂದಾಗ, ಹನ್ನೆರಡು ಜನರ ಗುಂಪಿಗೆ ಒಬ್ಬ ಮುಖಂಡ ವಾರವಾರ ಮನೆಗೆ ಹೋಗಿ ಕೇಳಲಿ, ಕೊಡಲಾಗದವರ ಪಾಲನ್ನು ತಾನೇ ಹಾಕಲಿ ಎಂದು ಗೊತ್ತುಮಾಡಿದರು. ಪೆನ್ನಿ ಕೇಳಲು ಹೋದವರಿಗೆ ಮನೆಯ ಸ್ಥಿತಿ ಕಂಡಿತು: ಯಾರು ಕುಡಿಯುತ್ತಿದ್ದಾರೆ, ಯಾರು ಜಗಳವಾಡಿದ್ದಾರೆ, ಯಾರು ಪ್ರಾರ್ಥನೆ ಬಿಟ್ಟಿದ್ದಾರೆ. ವೆಸ್ಲಿಯ ಕ್ಲಾಸ್ ಮೀಟಿಂಗ್ ಎಂಬ ಚಿಕ್ಕ ಗುಂಪಿನ ಕೂಟ ಬೆಳೆದದ್ದು ಅಲ್ಲಿಂದ. ಹಳೆಯ ಮೈಸೂರು ಸೀಮೆಯ ಎಷ್ಟೋ ಸಭೆಗಳು ವೆಸ್ಲಿಯನ್ ಮಿಶನ್ನಿನವು, 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಆದಾಗ ಅವೂ ಸೇರಿದವು. ಇದು ನಮ್ಮದೇ ಸೊತ್ತು. ಅದೇ ಪರಂಪರೆಯಲ್ಲಿ 1755ರಿಂದ ಒಡಂಬಡಿಕೆಯ ನವೀಕರಣದ ಆರಾಧನೆಯೂ ಇದೆ, ಸಾಮಾನ್ಯವಾಗಿ ಹೊಸವರ್ಷದ ಮೊದಲ ಭಾನುವಾರ. ವರ್ಷವರ್ಷವೂ ನವೀಕರಿಸುತ್ತಾರೆಂದರೆ, ನಡುವೆ ಸಡಿಲವಾಗುವುದು ಅವರಿಗೆ ಗೊತ್ತಿತ್ತು.

ನೀವು ಹುಡುಕಬೇಕಾದದ್ದು ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರಾದ, ಮಾತು ಹೊರಗೆ ಬಿಡದ ಒಬ್ಬ ಅಕ್ಕನನ್ನು. ತಿಂಗಳಿಗೊಮ್ಮೆ ಒಂದು ಗಂಟೆ. ಕೇಳಬೇಕಾದ್ದು ನಾಲ್ಕೇ: ಓದು, ಪ್ರಾರ್ಥನೆ ಹೇಗಿದೆ? ಒಪ್ಪಿಕೊಂಡ ಸೇವೆ ಹೇಗೆ ನಡೆದಿದೆ? ಅಮ್ಮ ಹೇಗಿದ್ದಾರೆ? ಹೊಸದಾಗಿ ಯಾವುದಕ್ಕಾದರೂ ಹೂಂ ಅಂದೆಯಾ? ಕೊನೆಯ ಪ್ರಶ್ನೆ ನಿಮಗಾಗಿಯೇ. ಯಾರು ಏನು ಕೇಳಿದರೂ "ಒಂದು ವಾರ ಪ್ರಾರ್ಥನೆ ಮಾಡಿ, ಅಕ್ಕನ ಹತ್ತಿರ ಮಾತಾಡಿ ಹೇಳುತ್ತೇನೆ" ಎನ್ನುವ ಅಭ್ಯಾಸ ಮಾಡಿಕೊಳ್ಳಿ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದು ಕರ್ತನು ಹೇಳಿದ್ದರಲ್ಲಿ (ಮತ್ತಾಯ 5:37) ಅಲ್ಲವೆನ್ನುವುದಕ್ಕೂ ಜಾಗವಿದೆ.

ಈಗ ಹಳೆಯದನ್ನು ಸರಿಪಡಿಸುವುದು. ಹೊಸದಕ್ಕೆ ಕೈಹಾಕುವ ಮುಂಚೆ ಇದು ಆಗಬೇಕು. ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿ, ಮುಖತಃ ಭೇಟಿಯಾಗಿ. ನಿಮ್ಮ ಹತ್ತಿರ ಉಳಿದಿರುವ ಹಾಜರಿ ಪುಸ್ತಕ, ಪಾಠದ ಪುಸ್ತಕ, ಅಲಮಾರಿ ಕೀಲಿ, ಖರ್ಚಾಗದ ಹಣ ಇದ್ದರೆ ಲೆಕ್ಕದ ಚೀಟಿಯೊಡನೆ ಒಪ್ಪಿಸಿ. ಅವರ ಒಪ್ಪಿಗೆ ಪಡೆದು ಒಂದು ಭಾನುವಾರ ಐದು ನಿಮಿಷ ಆ ಮಕ್ಕಳ ಮುಂದೆ ನಿಂತು, "ನಾನು ಹೇಳದೆ ಬರುವುದನ್ನು ನಿಲ್ಲಿಸಿದೆ, ಅದು ನಿಮ್ಮ ತಪ್ಪಲ್ಲ, ನನ್ನ ತಪ್ಪು" ಎನ್ನಿ. ಟೀಚರ್ ಬರದಿದ್ದಾಗ ತಾವು ಗಲಾಟೆ ಮಾಡಿದ್ದಕ್ಕೇ ಹೋದರು ಎಂದುಕೊಳ್ಳುವ ಮಕ್ಕಳಿರುತ್ತಾರೆ. ಕಾರಣಗಳ ಪಟ್ಟಿ ಬೇಡ, ಮತ್ತೆ ಬರುತ್ತೇನೆಂಬ ಭಾಷೆಯೂ ಅಂದು ಬೇಡ. ಮುಂದೆ ಯಾವ ಸೇವೆ ಬಿಡುವುದಾದರೂ ಆರು ವಾರ ಮೊದಲೇ ತಿಳಿಸಿ, ಕೊನೆಯ ಎರಡು ಭಾನುವಾರ ಹೊಸಬರನ್ನು ಜೊತೆಯಲ್ಲಿ ಕೂರಿಸಿಕೊಳ್ಳಿ.

ಇನ್ನು ವಾಗ್ದಾನದ ಹಣ. ಹರಕೆ ಹೊತ್ತರೆ ತೀರಿಸು ಎನ್ನುತ್ತದೆ ಪ್ರಸಂಗಿ 5:4. ಹಾಗೆಯೇ ಯಾಜಕಕಾಂಡ 27:8ರಲ್ಲಿ, ಹರಕೆ ಹೊತ್ತವನು ನಿಗದಿಯಾದಷ್ಟು ಕೊಡಲಾರದ ಬಡವನಾದರೆ ಯಾಜಕನು ಅವನ ಸ್ಥಿತಿ ನೋಡಿ ಮೊತ್ತ ಗೊತ್ತುಮಾಡಬೇಕು ಎಂದಿದೆ. ಎರಡನ್ನೂ ಒಟ್ಟಿಗೆ ಹಿಡಿಯಿರಿ. ಖಜಾಂಚಿಯ ಹತ್ತಿರ ಹೋಗಿ: "₹3,000 ಆಗುತ್ತಿಲ್ಲ, ಮುಂದಿನ ಹನ್ನೆರಡು ತಿಂಗಳು ₹500 ಖಂಡಿತ." ಸುಮ್ಮನೆ ನಿಲ್ಲಿಸುವುದರಲ್ಲಿರುವ ತೊಂದರೆ ಏನೆಂದರೆ, ಕಟ್ಟಡ ಕಮಿಟಿಯವರು ಚೀಟಿಗಳ ಮೊತ್ತ ನಂಬಿ ಸಿಮೆಂಟು, ಕಬ್ಬಿಣ ಸಾಲದಲ್ಲಿ ತಂದಿರುತ್ತಾರೆ, ಮೇಸ್ತ್ರಿಗೆ ಮಾತು ಕೊಟ್ಟಿರುತ್ತಾರೆ. ಕಡಿಮೆ ಮೊತ್ತ ಗೊತ್ತಿದ್ದರೆ ಅವರು ಅದಕ್ಕೆ ತಕ್ಕಂತೆ ಕೆಲಸ ಹೊಂದಿಸಬಹುದು. ಸಂಬಳ ಬಂದ ದಿನವೇ ಮೊದಲು ತೆಗೆದಿಡಿ, ಕೊಟ್ಟದ್ದಕ್ಕೆಲ್ಲ ರಸೀದಿ ಪಡೆಯಿರಿ.

ಆಸ್ಪತ್ರೆ ಭೇಟಿಗೆ ವರ್ಷದ ನಂತರ ಮರಳುವುದಾದರೆ ಸಂಕ್ಷೇಪವಾಗಿ ಇಷ್ಟು: ಇಬ್ಬರಾಗಿ ಹೋಗಿ, ಭೇಟಿಯ ಸಮಯದಲ್ಲೇ ಹೋಗಿ, ಹತ್ತು ನಿಮಿಷಕ್ಕೆ ಏಳಿ, ಹಾಸಿಗೆಯ ಮೇಲೆ ಕೂರಬೇಡಿ, ಪ್ರಾರ್ಥಿಸಲೇ ಎಂದು ಕೇಳಿ, ಬೇಡವೆಂದರೆ ನಗುಮುಖದಿಂದ ಬನ್ನಿ. "ವಿಶ್ವಾಸ ಇದ್ದರೆ ವಾಸಿಯಾಗುತ್ತದೆ" ಎಂದು ರೋಗಿಯ ಮೇಲೆ ಹೊರೆ ಹೊರಿಸಬೇಡಿ, ಔಷಧಿಯ ವಿಷಯದಲ್ಲಿ ಬಾಯಿ ಹಾಕಲೇಬೇಡಿ. ಬೇರೆ ಧರ್ಮದ ರೋಗಿಯ ನೋವಿನ ಹೊತ್ತನ್ನು ಉಪದೇಶಕ್ಕೆ ಬಳಸುವುದು ಸುವಾರ್ತೆಗೆ ಅಗೌರವ.

ಬಿಟ್ಟುಹೋದವರ ಕಥೆಯನ್ನು ಹೊಸ ಒಡಂಬಡಿಕೆ ಮುಚ್ಚಿಟ್ಟಿಲ್ಲ. ಯೋಹಾನನೆನಿಸಿಕೊಂಡ ಮಾರ್ಕನು ಪಂಫುಲ್ಯದ ಪೆರ್ಗೆಯಲ್ಲಿ ಪೌಲ ಬಾರ್ನಬರನ್ನು ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದ (ಅಪೊಸ್ತಲರ ಕೃತ್ಯಗಳು 13:13). ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಎಂದ ಪೌಲ. ಬಾರ್ನಬನು ಅವನನ್ನು ಕರೆದುಕೊಂಡು ಕುಪ್ರಕ್ಕೆ ಹೋದ. ಪೌಲನ ಕೊನೆಯ ಪತ್ರದಲ್ಲಿ ಬರುವುದು ಅದೇ ಮಾರ್ಕನ ಹೆಸರು: ಅವನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತ (2 ತಿಮೊಥೆಯ 4:11). ನಡುವಿನ ವರ್ಷಗಳಲ್ಲಿ ಅವನೊಡನೆ ಒಬ್ಬ ಬಾರ್ನಬನಿದ್ದ. ನಿಮ್ಮ ಸಭೆಯ ಹಿರಿಯರು ಇದನ್ನು ಓದುವುದಾದರೆ ಅವರಲ್ಲಿ ಒಂದು ವಿನಂತಿ: ಶಿಬಿರದಿಂದ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳು ಯಾವ ಜವಾಬ್ದಾರಿಯನ್ನೂ ಒಂಟಿಯಾಗಿ ವಹಿಸಬೇಡಿ. ಸೇವೆಗೆ ನಿಲ್ಲುವವರು ಮೊದಲು ಪರೀಕ್ಷಿಸಲ್ಪಡಲಿ ಎಂಬ ಮಾತು (1 ತಿಮೊಥೆಯ 3:10) ಅವರನ್ನು ತಡೆಯುವುದಕ್ಕಲ್ಲ, ಕಾಪಾಡುವುದಕ್ಕೆ. ಖಾಲಿ ಜಾಗ ತುಂಬುವ ಅವಸರದಲ್ಲಿ ಉತ್ಸಾಹ ಇರುವವರ ಮೇಲೆ ಆರು ಕೆಲಸ ಹೇರಿ, ಅವರು ಕುಸಿದಾಗ ವಚನ ಹೇಳುವುದು ಕುರಿಕಾಯುವವರ ರೀತಿಯಲ್ಲ.

ಒಂದು ಎಚ್ಚರಿಕೆಯೂ ಬೇಕು. ಬದ್ಧತೆಯ ಹೆಸರಿನಲ್ಲಿ ಸಂಬಳ ಪೂರ್ತಿ ಕೊಡು, ಮನೆಯವರ ಸಂಪರ್ಕ ಬಿಡು, ಲೆಕ್ಕ ಕೇಳಬೇಡ, ನನ್ನ ಮಾತು ಮೀರಿದರೆ ಶಾಪ ಎನ್ನುವ ನಾಯಕರು ಎಲ್ಲ ಪಂಗಡಗಳಲ್ಲೂ ಸಿಗುತ್ತಾರೆ. ಮಂದೆಯ ಮೇಲೆ ದೊರೆತನ ಮಾಡಬೇಡಿ ಎಂದು ಪೇತ್ರನು ಹಿರಿಯರಿಗೇ ಹೇಳಿದ್ದಾನೆ (1 ಪೇತ್ರ 5:3). ಅಪರಾಧಿಭಾವದಲ್ಲಿರುವವರು ಇಂಥವರ ಕೈಗೆ ಬೇಗ ಸಿಕ್ಕಿಬೀಳುತ್ತಾರೆ, ನೀವೀಗ ಅದೇ ಸ್ಥಿತಿಯಲ್ಲಿದ್ದೀರಿ.

ಕೊನೆಗೆ ಥಿಯಾಲಜಿ. ಈಗ ಬೇಡ. ಮುರಿದ ಆರು ಮಾತುಗಳ ನಾಚಿಕೆಯನ್ನು ಏಳನೆಯ ದೊಡ್ಡ ಮಾತಿನಿಂದ ಮುಚ್ಚಲು ಆಗುವುದಿಲ್ಲ. ಉದ್ಯೋಗ ಕೀಳು, ಸೇವೆ ಮೇಲು ಎಂಬ ಭಾವನೆಯೂ ಬೇಡ. ಪೌಲನು ಕೊರಿಂಥದಲ್ಲಿ ಗುಡಾರ ಹೊಲಿಯುತ್ತಲೇ ಸುವಾರ್ತೆ ಸಾರಿದ (ಅಪೊಸ್ತಲರ ಕೃತ್ಯಗಳು 18:3). ಕರೆ ನಿಜವಾಗಿದ್ದರೆ ಅದು ಎರಡು ವರ್ಷ ಕಾಯಬಲ್ಲದು. ಅಷ್ಟರಲ್ಲಿ ಒಂದೇ ಸೇವೆಯಲ್ಲಿ ಕಡಿಮೆಯೆಂದರೆ ನಾಲ್ಕು ಅವಧಿ ಮುಗಿಸಿ, ಸಾಲವಿದ್ದರೆ ತೀರಿಸಿ, ಅಮ್ಮನ ಆರೈಕೆಗೆ ಒಂದು ಏರ್ಪಾಡು ಮಾಡಿ. ಆಗಲೂ ಅದೇ ಮನಸ್ಸಿದ್ದರೆ ಅಯ್ಯನವರ ಜೊತೆ ಮಾತಾಡಿ. ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ಬೇಕೆನ್ನುವವರು ತಾವಾಗಿ ಕಾಲೇಜಿಗೆ ಸೇರಿಬಿಟ್ಟರೆ ಸಾಲದು, ಸಭೆಯ ಶಿಫಾರಸು ಮತ್ತು ಸಭಾಪ್ರಾಂತದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಒಪ್ಪಿಗೆ ಮೊದಲು ಬೇಕು. ಆ ಒಪ್ಪಿಗೆ ಇಲ್ಲದೆ ಕೆಲಸ ಬಿಟ್ಟು ಓದಿದವರಿಗೆ ಕೊನೆಗೆ ಪದವಿ ಇರುತ್ತದೆ, ನೇಮಕ ಇರುವುದಿಲ್ಲ. ಥಿಯಾಲಜಿ ಪದವಿ ಕೊಡುವ ಸೆರಾಂಪುರ ಸೆನೆಟಿಗೆ ಸೇರಿದ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನಲ್ಲಿ 1910ರಿಂದ ಇರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಎರಡರಲ್ಲೂ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಓದಬಹುದು. ಹೆಣ್ಣುಮಗಳೆಂದು ಹಿಂಜರಿಯಬೇಕಿಲ್ಲ, ಸಿಎಸ್‌ಐ ಸ್ತ್ರೀಯರಿಗೆ ಗುರುದೀಕ್ಷೆ ಕೊಡುತ್ತದೆ, 2013ರಲ್ಲಿ ಇ. ಪುಷ್ಪಲಲಿತಾ ಅವರು ನಂದ್ಯಾಲ ಸಭಾಪ್ರಾಂತದ ಬಿಷಪರೂ ಆದರು. ಅರ್ಜಿ ಹಾಕುವ ಮುಂಚೆ ಆ ಕಾಲೇಜುಗಳಲ್ಲಿ ಈಗ ಓದುತ್ತಿರುವ ಇಬ್ಬರನ್ನಾದರೂ ಭೇಟಿಯಾಗಿ, ಶುಲ್ಕ, ಹಾಸ್ಟೆಲ್, ಗ್ರೀಕ್ ಮತ್ತು ಹೀಬ್ರೂ ಪಾಠ, ರಜೆಯ ದಿನಗಳು ಎಲ್ಲವನ್ನೂ ಕೇಳಿ ತಿಳಿದುಕೊಳ್ಳಿ, ಅಮ್ಮನಿಗೂ ತಿಳಿಸಿ.